ಬಲಗಡೆಯ ಸೀಟು

ಬಸಮ್ಮ ಗಂಡನಿಗೆ ತಟ್ಟೆ ಇಡುವ ರೀತಿಯನ್ನು ಆ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಗಮನಿಸಿದ್ದರೆ ಎಷ್ಟೋ ಕೆಡುಕು ತಪ್ಪುತ್ತಿತ್ತು. ಆದರೆ ದುಡಿದು ಹಸಿದು ಬಂದ ಗಂಡಸರು ತಟ್ಟೆಯಲ್ಲಿ ಏನಿದೆ ಎಂದು ನೋಡುತ್ತಾರೆಯೇ ಹೊರತು ಯಾವುದು ಎಲ್ಲಿದೆ ಎಂದು ಯಾರು ನೋಡುತ್ತಾರೆ? ಮುದ್ದೆ ನಡುವೆ, ಪಲ್ಯ ಬಲಕ್ಕೆ, ಉಪ್ಪು ಎಡಕ್ಕೆ, ನೀರಿನ ಚೊಂಬು ಬಲಮಂಡಿಯ ಪಕ್ಕ. ಶಿವರಾತ್ರಿ ಕಳೆದಾಗಿನಿಂದ ಒಂದು ದಿನವೂ ಇದು ಅದಲುಬದಲಾಗಿರಲಿಲ್ಲ. ಒಮ್ಮೆ ಸೊಸೆ ಮೇಘಶ್ರೀ ಬಡಿಸಲು ಬಂದು ಚೊಂಬನ್ನು ಎಡಕ್ಕಿಟ್ಟಳು. ಮಾವನ ಕೈ ತಗುಲಿ ಚೊಂಬು ಉರುಳಿತು, ನೀರೆಲ್ಲ ಚಾಪೆಯ ಪಾಲಾಯಿತು. ಚೊಂಬು ಇಡುವ ಜಾಗವೂ ಗೊತ್ತಾಗುವುದಿಲ್ಲವೇ ಎಂದು ಬಸಮ್ಮ ಸೊಸೆಯ ಮೇಲೆಯೇ ಹರಿಹಾಯ್ದಳು. ಪಾಪದ ಹುಡುಗಿ, ತಪ್ಪು ತನ್ನದೇ ಎಂದುಕೊಂಡು ಬಟ್ಟೆ ತಂದು ಒರೆಸಿದಳು.

ಜಯದೇವಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದು ಗೊತ್ತಿದ್ದದ್ದು ಗಂಡಹೆಂಡಿರಿಬ್ಬರಿಗೇ.

ಕಣ್ಣು ಹೋಗುವುದು ಯಾರಿಗಾದರೂ ಕಷ್ಟವೇ. ಜಯದೇವಪ್ಪನಿಗೆ ಅದು ಅನ್ನದ ಪ್ರಶ್ನೆ. ಅರಸೀಕೆರೆಯ ತಿಪಟೂರು ರಸ್ತೆಯಲ್ಲಿ ಉಮಾಶಂಕರ್ ಎಂಬುವವರ ಬಸ್ ಬಾಡಿ ಕಟ್ಟುವ ಶೆಡ್ಡಿದೆ. ಎಂಜಿನ್ನು, ಚಕ್ರ, ಸ್ಟೀರಿಂಗು ಇಷ್ಟೇ ಇರುವ ಬೋಳು ಚಾಸಿ ಅದರೊಳಗೆ ಹೋಗುತ್ತದೆ. ಕಂಬ, ಚಾವಣಿ, ತಗಡು, ಕಿಟಕಿ, ಬಣ್ಣ ಎಲ್ಲ ಆಗಿ ಬಸ್ಸಾಗಿ ಹೊರಗೆ ಬರುತ್ತದೆ. ಜಯದೇವಪ್ಪ ಅಲ್ಲಿ ಮೂವತ್ತನಾಲ್ಕು ವರ್ಷದಿಂದ ಬೆಸುಗೆ ಮಿಸ್ತ್ರಿ. ಮಗ ಶಶಿಧರ್ ಕೂಡ ಅಲ್ಲಿಯೇ ಹನ್ನೊಂದು ವರ್ಷದಿಂದ ಬೆಸುಗೆಯವನು.

ಆ ಶೆಡ್ಡಿನಲ್ಲಿ ಉಮಾಶಂಕರರ ತಂದೆಯ ಕಾಲದಿಂದ ಎರಡು ಕಟ್ಟುಪಾಡು ನಡೆದುಬಂದಿದ್ದವು. ಒಂದು, ತಗಡು ಹೊದಿಸುವ ಮುಂಚೆ ಮಿಸ್ತ್ರಿ ಸುತ್ತಿಗೆ ಹಿಡಿದು ಪ್ರತಿ ಕಂಬದ ಬುಡವನ್ನೂ ಬಡಿದು, ಕಿವಿಗೊಟ್ಟು ಕೇಳಬೇಕು. ಸಂತೆಯಲ್ಲಿ ಹೆಂಗಸರು ಮಡಕೆ ಬಡಿದು ಕೊಳ್ಳುವ ಹಾಗೆಯೇ. ಪೂರ್ತಿ ಬೆಸುಗೆ ಬಿದ್ದ ಕಂಬ ಒಂದು ಥರ ನುಡಿಯುತ್ತದೆ, ಬೀಳದ್ದು ಇನ್ನೊಂದು ಥರ. ಮಿಸ್ತ್ರಿಯ ಕೆಲಸವನ್ನು ಮಾತ್ರ ಯಾರೂ ಬಡಿದು ನೋಡುವಂತಿಲ್ಲ. ಅದು ಅವನಿಗೆ ಮಾಡುವ ಅವಮಾನ. ಇನ್ನೊಂದು, ಹೊಸ ಬಸ್ಸಿನ ಮೊದಲ ಸವಾರಿ ಮಿಸ್ತ್ರಿಯ ಮನೆಯವರದು. ಮಾಲೇಕಲ್ಲು ಬೆಟ್ಟದ ಬುಡದವರೆಗೆ ಹೋಗಿ, ಕಾಯಿ ಒಡೆದು, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದು ವಾಪಸು ಬಂದ ಮೇಲೆಯೇ ಬಸ್ಸು ಕೊಂಡವರ ಕೈಗೆ. ಕಟ್ಟಿದವನೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಿಬಂದರೆ ಕೊಂಡವನಿಗೆ ಬೇರೆ ಭರವಸೆ ಏಕೆ? ಬಸಮ್ಮ ಮದುವೆಯಾಗಿ ಬಂದ ಹದಿನೈದನೇ ದಿನಕ್ಕೇ ಅಂಥ ಸವಾರಿ ಮಾಡಿದ್ದಳು. ಆಮೇಲೆ ಎಷ್ಟು ಸಲವೋ, ಲೆಕ್ಕವಿಟ್ಟವರಾರು.

ಹೋದ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಉಮಾಶಂಕರ್ ಎಲ್ಲರಿಗೂ ಮಂಡಕ್ಕಿ, ಸಿಹಿ ಹಂಚಿ, ಶನಿವಾರದ ಬಟವಾಡೆ ಇನ್ನು ಮುಂದೆ ಇಲ್ಲ ಎಂದರು. ದೊಡ್ಡ ಕಂಪನಿಗಳು ಪೂರ್ತಿ ಬಸ್ಸನ್ನೇ ಕಟ್ಟಿ ಮಾರುತ್ತಿವೆ, ಸಣ್ಣ ಶೆಡ್ಡಿಗೆ ಬರುವ ಚಾಸಿ ಕಡಿಮೆಯಾಗಿದೆ, ವಾರದ ಕೂಲಿ ಕೊಟ್ಟು ತನಗೆ ಗಿಟ್ಟುವುದಿಲ್ಲ, ಇನ್ನು ಬಾಡಿಗಿಷ್ಟು ಎಂದು ಗುತ್ತಿಗೆ. ಹತ್ತು ದಿನಕ್ಕೆ ಮುಗಿಸಿದರೂ ಅಷ್ಟೇ, ಐವತ್ತು ದಿನಕ್ಕೆ ಮುಗಿಸಿದರೂ ಅಷ್ಟೇ. ಗುತ್ತಿಗೆ ಹಿಡಿದವನು ಶಶಿಧರ್. ಅಂದರೆ ಅಪ್ಪನಿಗೂ ಅಂದಿನಿಂದ ಮಗನೇ ಕೂಲಿ ಕೊಡುವವನಾದ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಗನಿಗೆ ಮಾತು ಬೆಳೆಯಿತು. ಚಾಸಿ ಬರದ ತಿಂಗಳು ಏನು ತಿನ್ನುತ್ತೀರಿ ಎಂದು ಜಯದೇವಪ್ಪ ಕೇಳಿದ. ಬಂದ ತಿಂಗಳು ಎರಡರಷ್ಟು ದುಡಿಯುತ್ತೇವಲ್ಲ ಎಂದ ಮಗ.

"ಕೆಲ್ಸ ಓಡಿಸೋಕೆ ಅದೇನು ಎತ್ತಿನ ಗಾಡಿನೇನ್ಲಾ? ಬೆಸುಗೆ ಆರೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಬೇಕೇ ಬೇಕು."

"ಅಪ್ಪಾಜಿ, ನೀವು ಒಂದು ಬಾಡೀಗೆ ಅರ್ಧ ದಿನ ಸುತ್ತಿಗೆ ಹಿಡ್ಕೊಂಡು ಬಡೀತಾ ಕೂರ್ತೀರಲ್ಲ, ಅದಕ್ಕೆ ಇನ್ಮೇಲೆ ಕೂಲಿ ಯಾರು ಕೊಡ್ತಾರೆ?"

ಗುತ್ತಿಗೆ ಬಂದ ಮೇಲೆ ಶೆಡ್ಡಿನಲ್ಲಿ ಮೊದಲು ನಿಂತದ್ದು ಆ ಬಡಿಯುವ ಸದ್ದೇ.

ಮೊದಮೊದಲು ಶಶಿಧರನ ಮಾತೇ ಗೆದ್ದಿತು ಎನ್ನಬೇಕು. ನಲವತ್ತು ದಿನ ಹಿಡಿಯುತ್ತಿದ್ದ ಬಾಡಿ ಇಪ್ಪತ್ತೆರಡು ದಿನಕ್ಕೆ ಮುಗಿಯಿತು. ಸಂಕ್ರಾಂತಿ ದಾಟುವುದರೊಳಗೆ ಎರಡು ಬಸ್ಸು ಹೊರಬಿದ್ದವು. ಒಂದು ಬೇಲೂರಿನಿಂದ ಮಾದಿಹಳ್ಳಿ, ಹಳೇಬೀಡು, ಜಾವಗಲ್ ಹಾದು ಅರಸೀಕೆರೆಗೆ ಬರುವ ಬಸ್ಸು, ಇನ್ನೊಂದು ಹಾಸನದ ಕಡೆಯದು. ಎರಡರ ಮೊದಲ ಸವಾರಿಯನ್ನೂ ಮನೆಮಂದಿಯೆಲ್ಲ ಮಾಡಿದರು. ಮೇಘಶ್ರೀಯ ತಾಯಿ ಲಲಿತಮ್ಮ ಮಾದಿಹಳ್ಳಿಯವರು. ಆ ಬೇಲೂರಿನ ಬಸ್ಸು ಓಡತೊಡಗಿದ ಮೇಲೆ ಆಕೆ ಬೇರೆ ಬಸ್ಸನ್ನು ಹತ್ತುವುದೇ ಬಿಟ್ಟರು. ಮಗಳ ಮನೆಗೆ ಬೆಣ್ಣೆ, ಸೊಪ್ಪು ತರುವಾಗಲೆಲ್ಲ ಅರ್ಧ ಗಂಟೆ ಕಾದಾದರೂ ಸರಿ, ಅದರಲ್ಲೇ ಬರಬೇಕು. ಇದು ನಮ್ಮ ಅಳಿಯ ಕಟ್ಟಿದ ಬಸ್ಸು ಎಂದು ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿ, ಕಂಡಕ್ಟರನಿಗೂ ಹೇಳಿ, ಒಂದು ಸಲ ಟಿಕೆಟ್ಟಿನಲ್ಲಿ ಎರಡು ರೂಪಾಯಿ ಬಿಡಿಸಿಕೊಂಡೂ ಬಂದಿದ್ದರು.

ಆಮೇಲೆ ಚಾಸಿ ಬರುವುದು ನಿಂತಿತು. ಮಾಘ ಹೋಯಿತು, ಫಾಲ್ಗುಣ ಹೋಯಿತು, ಶೆಡ್ಡು ಖಾಲಿ. ಬಟವಾಡೆಯ ಕಾಲದಲ್ಲಾದರೆ ಕೆಲಸವಿಲ್ಲದಿದ್ದರೂ ಶನಿವಾರ ಕೈಗೆ ಕಾಸು ಬೀಳುತ್ತಿತ್ತು. ಈಗ ಶಶಿಧರ್ ಗೇಟು, ಗ್ರಿಲ್ಲು ಎಂದು ಸಣ್ಣಪುಟ್ಟ ಕೆಲಸ ಹುಡುಕಿಕೊಂಡು ಅಲೆದ. ಮೇಘಶ್ರೀ ಸಾರಿಗೆ ಬೇಳೆ ಕಡಿಮೆ ಹಾಕಿ ಸೊಪ್ಪು ಹೆಚ್ಚು ಮಾಡಿದಳು. ದಿನಸಿ ಅಂಗಡಿಯವನು ಮುಖ ಕಂಡರೆ ಬೇರೆ ಕಡೆ ನೋಡತೊಡಗಿದ.

ಜಯದೇವಪ್ಪನ ಕಣ್ಣು ಕೈಕೊಟ್ಟದ್ದು ಅದೇ ಹೊತ್ತಿಗೆ. ಹಾರನಹಳ್ಳಿಯಲ್ಲಿ ಉಚಿತ ಕಣ್ಣಿನ ಶಿಬಿರ ಎಂದು ಕೇಳಿ, ದೇವಸ್ಥಾನಕ್ಕೆ ಹೋಗಿಬರುತ್ತೇವೆಂದು ಮನೆಯಲ್ಲಿ ಹೇಳಿ ಗಂಡಹೆಂಡಿರಿಬ್ಬರೂ ಟೆಂಪೋ ಹತ್ತಿದರು. ಡಾಕ್ಟರು ನೋಡಿ, ಪೊರೆ ಚೆನ್ನಾಗಿ ಬಲಿತಿದೆ, ಒಂದಾದ ಮೇಲೆ ಒಂದು ಆಪರೇಷನ್ ಆಗಬೇಕು, ಆಮೇಲೆ ಮೂರು ತಿಂಗಳು ಬೆಂಕಿಯ ಮುಂದೆ ನಿಲ್ಲಕೂಡದು ಎಂದರು. ಒಂದು ಚೀಟಿ ಬರೆದುಕೊಟ್ಟರು. ಬಸಮ್ಮ ಅದನ್ನು ತಂದು ಕಡಲೆಬೇಳೆಯ ಡಬ್ಬಿಯ ತಳದಲ್ಲಿಟ್ಟಳು.

ಮಗನಿಗೆ ಹೇಳಿಬಿಡೋಣ ಎಂದು ಅವಳಿಗೆ ಆ ದಿನವೇ ಅನಿಸಿತ್ತು. ಹೇಳುತ್ತಿದ್ದಳೇನೋ. ಆದರೆ ಅದೇ ವಾರ ಪುಟ್ಟಸ್ವಾಮಿಯ ಸುದ್ದಿ ಬಂತು. ಪುಟ್ಟಸ್ವಾಮಿ ಶೆಡ್ಡಿನಲ್ಲಿ ಮರಗೆಲಸದವನು, ಜಯದೇವಪ್ಪನ ಓರಗೆಯವನು. ಹಾಸನದ ಬಸ್ಸು ಕಟ್ಟುವಾಗ ಬೆನ್ನು ಹಿಡಿದುಕೊಂಡು ಇಪ್ಪತ್ತು ದಿನ ಮಲಗಿದ್ದ. ಆ ಬಸ್ಸಿನ ಬಾಕಿ ಹಣದಲ್ಲಿ ಅವನಿಗೆ ಭಾಗ ಕೊಡಬೇಕೋ ಬೇಡವೋ ಎಂಬ ಮಾತು ಬಂದಾಗ ಶಶಿಧರನೇ ಬೇಡ ಎಂದಿದ್ದ. ಊಟ ಮಾಡುತ್ತ ಮನೆಯಲ್ಲೂ ಅದನ್ನೇ ಹೇಳಿದ.

"ನಂಗೇನು ಪುಟ್ಟಸ್ವಾಮಣ್ಣನ ಮೇಲೆ ದ್ವೇಷನಾ? ಕೆಲ್ಸ ಮಾಡ್ದೋರಿಗೆ ಭಾಗ, ಮಾಡ್ದೆ ಇದ್ದೋರಿಗೆ ಇಲ್ಲ. ನಾಳೆ ನಾನು ಮಲಗಿದ್ರೂ ಅಷ್ಟೇ."

ಜಯದೇವಪ್ಪ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಬಸಮ್ಮ ಗಂಡನ ಕಡೆ ನೋಡಿದಳು, ಮಗನ ಕಡೆ ನೋಡಿದಳು, ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಇನ್ನೊಂದು ಬಸ್ಸು ಆಗಲಿ, ಕೈಗೆ ನಾಲ್ಕು ಕಾಸು ಬರಲಿ, ಆಮೇಲೆ ಆಪರೇಷನ್ ಮಾಡಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದೊಂದು ತಪ್ಪು ಅವಳನ್ನು ಈ ಜನ್ಮದಲ್ಲಿ ಬಿಡುವುದಿಲ್ಲ.

ಮೇ ತಿಂಗಳು ಶುರುವಾಗುವಾಗ ಶಶಿಧರ್ ಒಂದು ಸಂಜೆ ಜಿಲೇಬಿ ಕಟ್ಟಿಸಿಕೊಂಡು ಬಂದ. ಅವನ ಏಳು ವರ್ಷದ ಮಗಳು ಹೇಮಾಶ್ರೀ ಓದುವ ಶಾಲೆಯವರು ಹೊಸ ಚಾಸಿ ಕೊಂಡಿದ್ದರು. ಫೀಸಿಗೆ ಗಡುವು ಕೇಳಲು ಹೋದವನು ಆಡಳಿತದವರ ಕಾಲು ಕೈ ಹಿಡಿದು, ಬಾಡಿಯ ಕೆಲಸವನ್ನು ಉಮಾಶಂಕರರ ಶೆಡ್ಡಿಗೇ ಕೊಡಿಸಿದ್ದ. ಶಾಲೆ ಸೋಮವಾರ ಶುರುವಾಗುತ್ತದೆ ಎಂದರೆ ಹಿಂದಿನ ಶುಕ್ರವಾರಕ್ಕೆ ಬಸ್ಸು ಸಿದ್ಧವಾಗಬೇಕು. ತಡವಾದ ಒಂದೊಂದು ದಿನಕ್ಕೂ ಕೂಲಿಯಲ್ಲಿ ಇಷ್ಟಿಷ್ಟು ಕಡಿತ. ಮುಂಗಡ ಬಂತು, ಬಂದ ದಿನವೇ ದಿನಸಿ ಅಂಗಡಿಗೂ ಫೀಸಿಗೂ ಹೋಯಿತು.

"ಪಾಪು ಬಸ್ಸು ಪಾಪುವಿನ ಅಪ್ಪನೇ ಕಟ್ತಾವ್ನೆ" ಎಂದು ಬಸಮ್ಮ ಮೊಮ್ಮಗಳ ಬಾಯಿಗೆ ಜಿಲೇಬಿ ತುರುಕಿದಳು. ಆ ದಿನ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಜಯದೇವಪ್ಪನೂ ನಕ್ಕಿದ್ದ.

ಕೆಲಸ ಹಂಚುವಾಗ ಶಶಿಧರ್ ಎಡಗಡೆಯ ಆರು ಕಂಬ ಅಪ್ಪನಿಗೆ ಎಂದ. ಬಲಗಡೆಯದು ತನಗೂ ಭೀಮರಾಜನಿಗೂ, ಬುಡದ ಬೆಸುಗೆ ಭೀಮರಾಜನದು, ಮೇಲಿನ ತುದಿಯದು ತನ್ನದು. ಭೀಮರಾಜ್ ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ, ಒಳ್ಳೆಯ ಕೆಲಸಗಾರ, ಕೈ ಬಲು ಚುರುಕು. ಆ ಮೂರು ವಾರ ಅಪ್ಪ ಮಗ ಬೆಳಗಾಗುವುದರೊಳಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ಮೇಘಶ್ರೀ ಮಧ್ಯಾಹ್ನದ ಬುತ್ತಿ ಕಟ್ಟಿ ಕಳಿಸಿದರೆ ಅದರಲ್ಲಿ ಮಾವನ ಪಾಲಿನದು ಅರ್ಧಕ್ಕರ್ಧ ಹಾಗೇ ವಾಪಸು ಬರುತ್ತಿತ್ತು. ಸಾರು ಹಿಡಿಸಲಿಲ್ಲವೇನೋ ಎಂದು ಸೊಸೆ ಬೇಜಾರು ಮಾಡಿಕೊಂಡಳು. ಬಸಮ್ಮ ಒಂದು ರಾತ್ರಿ ಗಂಡನ ಅಂಗಿ ಒಗೆಯಲು ತೆಗೆದರೆ ತೋಳಿನ ತುಂಬ ಕಿಡಿ ಬಿದ್ದ ತೂತು. ಮೂವತ್ತನಾಲ್ಕು ವರ್ಷದಲ್ಲಿ ಇಷ್ಟು ತೂತನ್ನು ಅವಳು ಕಂಡಿರಲಿಲ್ಲ. ಸೂಜಿ ದಾರ ತೆಗೆದುಕೊಂಡು ಹೊಲಿಯುತ್ತ ಕೂತಳು.

ಶುಕ್ರವಾರ ಬಸ್ಸು ಸಿದ್ಧವಾಯಿತು. ಹಳದಿ ಬಣ್ಣ, ಕನ್ನಡಿಯಂಥ ಹೊಳಪು. ಬಸಮ್ಮ ಬೆಳಿಗ್ಗೆಯೇ ಚಿತ್ರಾನ್ನ ಕಲಸಿ, ಹೊಸ ಸೀರೆ ಉಟ್ಟು, ಮೊಮ್ಮಗಳಿಗೆ ಜಡೆ ಹೆಣೆದು, ಸೊಸೆಯನ್ನೂ ಕರೆದುಕೊಂಡು ಶೆಡ್ಡಿಗೆ ಹೋದಳು. ಶಾಲೆಯವರು ಬಂದಿದ್ದರು. ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು, ಬೂದುಗುಂಬಳ ಒಡೆದದ್ದಾಯಿತು. ಇನ್ನೇನು ಹತ್ತಬೇಕು, ಜಯದೇವಪ್ಪ ಬಾಗಿಲ ಹತ್ತಿರ ಬಂದು ಹೆಂಡತಿಯ ಕೈಯಿಂದ ಚಿತ್ರಾನ್ನದ ಡಬ್ಬಿ ಇಸಿದುಕೊಂಡ.

"ಮಂಡಿ ನೋಯ್ತಾ ಐತೆ. ಈ ಸಲ ಬ್ಯಾಡ."

ನೀವು ಕೂರಿ ಅಪ್ಪಾಜಿ, ನಡೆಯುವುದೇನಿದೆ ಎಂದ ಶಶಿಧರ್. ಬಿಸಿಲು, ಮಗುವಿಗೆ ತಲೆ ನೋಯುತ್ತದೆ ಎಂದ ಜಯದೇವಪ್ಪ. ಹಾಗಾದರೆ ಅತ್ತೆ, ನಾನು, ಪಾಪು ಹೋಗಿಬರುತ್ತೇವೆ ಎಂದಳು ಮೇಘಶ್ರೀ. "ಯಾರೂ ಬ್ಯಾಡ ಅಂದೆನಲ್ಲ" ಎಂದು ಅವನು ಗದರಿದ. ಸೊಸೆಯನ್ನು ಒಂದು ದಿನವೂ ಗದರಿದ ಮನುಷ್ಯನಲ್ಲ. ಶಾಲೆಯವರಿಗೆ ಹೊತ್ತಾಗುತ್ತಿತ್ತು. ಮಾಲೇಕಲ್ಲಿನಲ್ಲಿ ಒಡೆಯಬೇಕಾದ ಕಾಯಿಯನ್ನು ಶೆಡ್ಡಿನ ಗೇಟಿನಲ್ಲೇ ಒಡೆದು ಬಸ್ಸು ತೆಗೆದುಕೊಂಡು ಹೋದರು. ಮೊದಲ ಸವಾರಿ ಆಗಲೇ ಇಲ್ಲ.

ಚಿತ್ರಾನ್ನವನ್ನು ಮನೆಗೆ ತಂದು ತಿಂದರು. ಯಾರಿಗೂ ರುಚಿಸಲಿಲ್ಲ.

ಸಂಜೆ ಜಯದೇವಪ್ಪ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಬಸಮ್ಮ ಹೋಗಿ ಎದುರು ನಿಂತಳು. ಸುತ್ತುಬಳಸಿ ಕೇಳುವ ಹೆಂಗಸಲ್ಲ ಅವಳು.

"ಯಾವ ಕಡೆ?" ಎಂದಳು.

ಅವನು ತಂಬಿಗೆ ಕೆಳಗಿಟ್ಟ.

"ಎಡಗಡೆ. ಆರಕ್ಕೆ ಆರೂ."

ಆಮೇಲೆ ತಡೆತಡೆದು ಹೇಳಿದ. ಬೆಂಕಿ ಎಲ್ಲಿ ಬೀಳುತ್ತಿದೆ ಎಂದು ಕಾಣುತ್ತಿರಲಿಲ್ಲವಂತೆ. ಕಂಬದ ಬುಡ ಇಲ್ಲಿರಬೇಕು ಎಂದು ಅಂದಾಜಿನ ಮೇಲೆ ಎಳೆದನಂತೆ. ಆರಿದ ಮೇಲೆ ಬೆರಳಿನಿಂದ ಮುಟ್ಟಿ ನೋಡಿದರೆ ಸಂದು ಒಂದು ಕಡೆ, ಬೆಸುಗೆ ಒಂದು ಕಡೆ. ಹೇಳೋಣವೇ ಬೇಡವೇ ಎಂದು ನಿಂತದ್ದಷ್ಟೇ, ಅಷ್ಟರಲ್ಲಿ ಭೀಮರಾಜ ತಗಡು ತಂದು ಹೊಡೆದೇಬಿಟ್ಟಿದ್ದ. ಮಿಸ್ತ್ರಿಯ ಕೆಲಸವನ್ನು ಬಗ್ಗಿ ನೋಡುವವರು ಯಾರು?

"ನೀವು ಹೇಳ್ಬೌದಿತ್ತು ಕಣ್ರೀ."

"ಹೇಳಿ? ಪುಟ್ಟಸ್ವಾಮಿ ಪಕ್ಕ ಜಗಲಿ ಮೇಲೆ ಕೂರಾನಾ?"

ಕಂಬ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು. ನೆಟ್ಟಗಿನ ರಸ್ತೆಯಲ್ಲಿ ಏನೂ ಆಗುವುದಿಲ್ಲ ಎಂದ. ಗುಂಡಿಯಲ್ಲೋ ಹಳ್ಳದ ಅಂಚಿನಲ್ಲೋ ಜೋರಾಗಿ ಒಂದು ಸಲ ವಾಲಿದರೆ ಆ ಕಡೆಯ ಕಂಬಗಳು ಬುಡ ಕಿತ್ತು ಬರುತ್ತವೆ, ಚಾವಣಿ ಕೆಳಗೆ ಕೂರುತ್ತದೆ ಎಂದ. ಬಸಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಕಡಲೆಬೇಳೆಯ ಡಬ್ಬಿ ನೆನಪಾಯಿತು. ಚೀಟಿ ಮುಚ್ಚಿಟ್ಟ ಕೈ ತನ್ನದೇ ತಾನೆ?

ಮಾರನೆಯ ದಿನ ಮಧ್ಯಾಹ್ನ ಶಶಿಧರ್ ಊಟಕ್ಕೆ ಕೂತಾಗ ಅವಳು ಚೀಟಿ ತಂದು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅವನ ಕೈ ತಟ್ಟೆಯಲ್ಲೇ ನಿಂತಿತು. ಮೊದಲು ಬೆಂಕಿಯಾದ. ಇಷ್ಟು ದಿನ ಏಕೆ ಮುಚ್ಚಿಟ್ಟಿರಿ, ನಾನೇನು ಹೊರಗಿನವನೇ ಎಂದ. ನೀನು ಪುಟ್ಟಸ್ವಾಮಿಗೆ ಮಾಡಿದ್ದನ್ನು ನೋಡಿ ಹೆದರಿದೆವು ಎಂದಳು ಬಸಮ್ಮ. ಅವನು ಚೀಟಿಯನ್ನು ಮಡಚಿಟ್ಟ. ಆಮೇಲೆ ಲೆಕ್ಕ ಹಾಕತೊಡಗಿದ. ಒಂದು ಕಡೆ ಪೂರ್ತಿ ಬಿಚ್ಚಿ, ಬೆಸೆದು, ಮತ್ತೆ ತಗಡು ಬಣ್ಣ ಎಂದರೆ ಹತ್ತು ದಿನ. ಖರ್ಚು ಗುತ್ತಿಗೆದಾರನದೇ, ಅಂದರೆ ತನ್ನದೇ. ದಿನಕ್ಕಿಷ್ಟು ಕಡಿತ ಬೇರೆ. ಶಾಲೆಯವರಿಗೆ ಗೊತ್ತಾದರೆ ಉಮಾಶಂಕರ್ ಮುಂದೆಂದೂ ಗೇಟಿನೊಳಗೆ ಬಿಡುವುದಿಲ್ಲ.

"ದಸರಾ ರಜೇಲಿ ಬಿಚ್ಚಿ ಸರಿ ಮಾಡ್ತೀನಿ ಬಿಡವ್ವ. ನಾಲ್ಕು ತಿಂಗಳು ಏನಾಗಲ್ಲ."

"ಅಲ್ಲೀಗಂಟ ನಿನ್ ಮಗಳು ಅದ್ರಲ್ಲೇ ಹೋಗ್ಬೇಕಲ್ಲಪ್ಪ."

ಶಶಿಧರ್ ಬಾಗಿಲ ಕಡೆ ನೋಡಿ ದನಿ ಇಳಿಸಿದ.

"ಪಾಪುನ ಬಲಗಡೆ ಕೂರಿಸ್ತೀನಿ. ಬಲಗಡೆ ಪೂರಾ ನಾನೂ ಭೀಮರಾಜನೂ ಮಾಡಿರೋದು."

ಬಸಮ್ಮ ಮಗನ ಮುಖವನ್ನೇ ನೋಡಿದಳು. ಹೆತ್ತು ಹೊತ್ತು ಬೆಳೆಸಿದ ಮುಖ ಅದು, ಆದರೂ ಯಾರದೋ ಅನಿಸಿತು.

"ಎಡಗಡೆ ಕೂರೋ ಮಕ್ಕಳು ಯಾರ್ವು?" ಎಂದಳು.

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಅಡುಗೆಮನೆಯ ಬಾಗಿಲಲ್ಲಿ ಮೇಘಶ್ರೀ ಸೌಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮಾರನೆಯ ದಿನ ಭಾನುವಾರ. ಲಲಿತಮ್ಮ ಫೋನು ಮಾಡಿ, ನಾಳೆ ಮೊಮ್ಮಗಳ ಶಾಲೆ ಶುರುವಲ್ಲವೇ, ಬೆಣ್ಣೆ ತೆಗೆದುಕೊಂಡು ಬರುತ್ತೇನೆ ಎಂದರು. ಮೇಘಶ್ರೀ ಹೂಂ ಎಂದಳು. ಆ ದಿನ ಮಾವನಿಗೆ ಬಡಿಸಿದವಳು ಅವಳೇ. ಮುದ್ದೆ ನಡುವೆ, ಪಲ್ಯ ಬಲಕ್ಕೆ, ಉಪ್ಪು ಎಡಕ್ಕೆ ಇಟ್ಟು, ಚೊಂಬನ್ನು ಬಲಮಂಡಿಯ ಪಕ್ಕ ಇಟ್ಟಳು. ಜಯದೇವಪ್ಪ ಮುಖ ಎತ್ತಿದ. ಚೊಂಬಿಟ್ಟ ಸದ್ದಿನಲ್ಲೇ ಅವನಿಗೆ ಎಲ್ಲ ಅರ್ಥವಾಯಿತು.

ಸೋಮವಾರ ಎಂಟೂವರೆಗೆ ಹಳದಿ ಬಸ್ಸು ಬೀದಿಯ ತುದಿಗೆ ಬಂದು ನಿಂತಿತು. ತಾಯಂದಿರು, ಮಕ್ಕಳು, ಚೀಲ, ನೀರಿನ ಬಾಟಲು, ಜಾತ್ರೆಯೋ ಜಾತ್ರೆ. ಶಶಿಧರ್ ಮಗಳ ಕೈ ಹಿಡಿದುಕೊಂಡು ಬಂದಿದ್ದ. ದಾರಿಯುದ್ದಕ್ಕೂ ಅವಳಿಗೆ ಬಲಗೈ ಯಾವುದು ತೋರಿಸು ಎಂದು ಎರಡು ಸಲ ಕೇಳಿದ್ದ. ಮೇಘಶ್ರೀ ಹಿಂದಿನಿಂದ ಬಂದಳು. ಜಯದೇವಪ್ಪ ಮನೆ ಬಾಗಿಲಲ್ಲಿ ನಿಂತಿದ್ದವನು ಬಸ್ಸಿನ ಸದ್ದು ಕೇಳಿ ಗೋಡೆ ಹಿಡಿದುಕೊಂಡು ಅಷ್ಟು ದೂರ ನಡೆದುಬಂದ.

ಹೇಮಾಶ್ರೀ ಹತ್ತುವ ಮುಂಚೆ ಬಸಮ್ಮ ಹತ್ತಿದಳು. ಹೊಸ ಸೀರೆ ಉಟ್ಟಿದ್ದಳು. ಎಡಗಡೆ ಎರಡನೇ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತಳು. ಹಿಂದೆಯೇ ಹತ್ತಿ ಬಂದ ಮೊಮ್ಮಗಳನ್ನು ಕೈ ಹಿಡಿದು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ದೊಡ್ಡವರು ಕೂರುವಂತಿಲ್ಲಮ್ಮ ಎಂದ ಡ್ರೈವರು.

"ಇದು ಮಿಸ್ತ್ರಿ ಮನೆ ಸವಾರಿ ಕಣಪ್ಪ. ಶುಕ್ರವಾರ ಆಗ್ಬೇಕಿತ್ತು, ಆಗ್ಲಿಲ್ಲ. ಇವತ್ತು ನಾನು ಪಾಪು ಇಲ್ಲೇ ಕೂತು ಹೋಗ್ತೀವಿ. ನೀನು ಹೊರಡು" ಎಂದಳು. ಕಿಟಕಿಯ ಹೊರಗೆ ತಲೆ ಹಾಕಿ ಗಂಡನಿಗೂ ಕೇಳುವಂತೆ ಹೇಳಿದಳು. "ಎಡಗಡೇಲೇ ಕೂತಿವ್ನಿ ಕಣ್ರೀ. ಪಾಪೂನೂ ಇಲ್ಲೇ ಅವಳೆ."

ಶಶಿಧರ್ ಕಿಟಕಿಯ ಹತ್ತಿರ ಬಂದ. ಅವ್ವಾ ಇಳಿ ಎಂದು ಹಲ್ಲು ಕಚ್ಚಿ ಹೇಳಿದ. ಅವಳು ಅತ್ತ ನೋಡಲಿಲ್ಲ. ಹೊತ್ತಾಯಿತೆಂದು ಡ್ರೈವರು ಎಂಜಿನ್ನು ಚಾಲೂ ಮಾಡಿದ. ಉಳಿದ ಮಕ್ಕಳೆಲ್ಲ ಗುಡುಗುಡು ಹತ್ತಿ ಎಡಕ್ಕೂ ಬಲಕ್ಕೂ ತುಂಬಿಕೊಂಡವು.

ಜಯದೇವಪ್ಪ ಬಸ್ಸಿನ ಮೈಗೆ ಕೈಯಿಟ್ಟ. ತಡವುತ್ತ ತಡವುತ್ತ ಎರಡನೇ ಕಿಟಕಿಯ ಕೆಳಗೆ ಬಂದು, ಅಂಗೈಯನ್ನು ತಗಡಿಗೆ ಒತ್ತಿ ನಿಂತ. ಬಸ್ಸನ್ನೇ ಹಿಡಿದು ನಿಲ್ಲಿಸುವವನ ಹಾಗಿತ್ತು.

"ಬಸ್ಸು ಬಿಡಬ್ಯಾಡಿ" ಎಂದ. "ಈ ಕಡೆ ಕಂಬ ಬೆಸೆದೋನು ನಾನು. ನಂಗೆ ಕಣ್ಣು ಕಾಣಕ್ಕಿಲ್ಲ."

ಡ್ರೈವರು ಎಂಜಿನ್ನು ನಿಲ್ಲಿಸಿದ. ಆಮೇಲೆ ಒಬ್ಬ ತಾಯಿ ತನ್ನ ಮಗುವನ್ನು ಇಳಿಸಿಕೊಂಡಳು, ಇನ್ನೊಬ್ಬಳು ಇಳಿಸಿಕೊಂಡಳು, ಹತ್ತು ನಿಮಿಷದಲ್ಲಿ ಬಸ್ಸು ಬರಿದಾಯಿತು. ನಿನ್ನ ಮನೆ ಹಾಳಾಗ ಎಂದು ಯಾರೋ ಶಶಿಧರನಿಗೆ ಶಾಪ ಹಾಕಿದರು. ಬಸಮ್ಮ ಕೊನೆಯವಳಾಗಿ ಇಳಿದು ಗಂಡನ ಕೈ ಹಿಡಿದುಕೊಂಡಳು. ಇನ್ನು ಮನೆಗೆ ಕೂಲಿಯಿಲ್ಲ, ಶೆಡ್ಡಿಲ್ಲ, ಮಗನ ಮುಖವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಶಿವರಾತ್ರಿಯಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿತ್ತು. ಕೆಟ್ಟದ್ದು ಇಲ್ಲಿಗೆ ಮುಗಿಯಿತು ಎಂದುಕೊಂಡಳು, ಪಾಪ.

ಹತ್ತು ಗಂಟೆಗೆಲ್ಲ ಖಾಲಿ ಬಸ್ಸು ಶೆಡ್ಡಿಗೆ ವಾಪಸು ಬಂತು. ಶಾಲೆಯವರು, ಉಮಾಶಂಕರ್, ಭೀಮರಾಜ್, ಶಶಿಧರ್ ಎಲ್ಲ ನೆರೆದಿದ್ದರು. ಹೇಮಾಶ್ರೀಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೇಘಶ್ರೀಯೂ ಅತ್ತೆಯ ಜೊತೆ ಬಂದಿದ್ದಳು. ಉಮಾಶಂಕರ್ ಎಲ್ಲರ ಮುಂದೆ ಜಯದೇವಪ್ಪನನ್ನು ಬಾಯಿಗೆ ಬಂದಂತೆ ಬೈದರು. ಅವನು ಬೈಸಿಕೊಂಡ. ಮುಗಿದ ಮೇಲೆ, ನನ್ನ ಸುತ್ತಿಗೆ ಎಲ್ಲಿದೆ ಎಂದು ಕೇಳಿದ. ದೀಪಾವಳಿಯಿಂದ ಮೂಲೆಯಲ್ಲಿ ಬಿದ್ದಿದ್ದ ಸುತ್ತಿಗೆಯನ್ನು ಯಾರೋ ತಂದುಕೊಟ್ಟರು.

ಎಡಗಡೆಯ ಆರು ಕಂಬದ ಬುಡವನ್ನೂ ತಗಡಿನ ಮೇಲಿಂದಲೇ ಬಡಿದ. ಆರೂ ಒಡಕು ಮಡಕೆಯ ಹಾಗೆ ನುಡಿದವು. ಇಷ್ಟು ಬಿಚ್ಚಿ ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂವತ್ತನಾಲ್ಕು ವರ್ಷದ ರೂಢಿ, ಕಾಲು ತಾನಾಗಿ ಬಸ್ಸನ್ನು ಬಳಸಿ ಬಲಗಡೆಗೆ ಹೋಯಿತು. ಮೊದಲ ಕಂಬ ಬಡಿದ, ಚೆನ್ನಾಗಿ ನುಡಿಯಿತು. ಎರಡನೆಯದು ಬಡಿದು ನಿಂತ. ಮತ್ತೆ ಬಡಿದ. ಮೂರನೆಯದು ಸರಿ. ನಾಲ್ಕನೆಯದರ ಮೇಲೆ ಕಿವಿಯನ್ನೇ ಇಟ್ಟ.

"ಶಶಿ, ಇದನ್ನ ಬಿಚ್ಚು" ಎಂದ.

ರಿವೆಟ್ಟು ಕೊರೆದು ತಗಡು ಬಗ್ಗಿಸಿದರು. ಕಂಬದ ಬುಡದಲ್ಲಿ ಎರಡೇ ಎರಡು ಚುಕ್ಕೆ ಬೆಸುಗೆ. ದರ್ಜಿ ಹೊಲಿಯುವ ಮುಂಚೆ ಹಾಕಿಕೊಳ್ಳುತ್ತಾನಲ್ಲ, ಆ ಕಚ್ಚಾ ಹೊಲಿಗೆಯಂಥದು. ಸುತ್ತ ಎಳೆಯಬೇಕಾದ ಬೆಸುಗೆಯನ್ನು ಎಳೆದೇ ಇರಲಿಲ್ಲ. ಎರಡನೆಯದೂ ಆರನೆಯದೂ ಹಾಗೆಯೇ ಇದ್ದವು. ಶಶಿಧರ್ ಭೀಮರಾಜನ ಕಡೆ ತಿರುಗಿದ. ಭೀಮರಾಜ್ ನೆಲ ನೋಡುತ್ತ, ಒಂದು ಬಿಟ್ಟು ಒಂದಕ್ಕೆ ಪೂರ್ತಿ ಹಾಕಿದ್ದೇನೆ, ಶುಕ್ರವಾರಕ್ಕೆ ಆಗಲೇಬೇಕು ಅಂದವರು ನೀವೇ ತಾನೆ, ಯಾರೂ ಬಡಿದು ನೋಡುತ್ತಿರಲಿಲ್ಲವಲ್ಲ ಎಂದ.

ಜಯದೇವಪ್ಪ ಸುತ್ತಿಗೆಯನ್ನು ಕೆಳಗಿಟ್ಟ. ಸಿಟ್ಟಿನಿಂದ ಹೇಳಲಿಲ್ಲ.

"ಇವ್ನಿಗೆ ಕಣ್ಣು ಚೆನ್ನಾಗೈತಲ್ಲ" ಎಂದ.

ಶಶಿಧರ್ ತೆರೆದ ತಗಡಿನ ಮುಂದೆ ಕುಕ್ಕರಿಸಿದ. ಮಗಳನ್ನು ಕೂರಿಸಬೇಕೆಂದಿದ್ದ ಸೀಟು ಅದರ ನೆತ್ತಿಯ ಮೇಲೇ ಇತ್ತು.

ಬಸಮ್ಮನಿಗೆ ಒಂದು ಯೋಚನೆ ಬಂತು.

"ಹಿಂದಿನ ಎರಡು ಬಸ್ಸಿಗೂ ಬಲಗಡೆ ಇವ್ನೇ ಏನಪ್ಪ ಮಾಡಿದ್ದು?"

ಭೀಮರಾಜ್ ಹೌದೆಂಬಂತೆ ತಲೆ ಆಡಿಸಿದ. ಮೇಘಶ್ರೀ ಅಷ್ಟರಲ್ಲಿ ಫೋನು ತೆಗೆದು ಕಿವಿಗಿಟ್ಟುಕೊಂಡಿದ್ದಳು. ರಿಂಗಾಗುತ್ತಲೇ ಇತ್ತು. ಕೊನೆಗೆ ಎತ್ತಿದರು. ಲಲಿತಮ್ಮನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಬಸ್ಸಿನ ಗದ್ದಲದ ಮೇಲೂ ಆಕೆಯ ದನಿ ಶೆಡ್ಡಿನಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಬತ್ತಾ ಇವ್ನಿ ಕಣೇ, ಜಾವಗಲ್ ದಾಟ್ದೋ. ನಮ್ ಅಳಿಯಂದಿರ ಬಸ್ಸಲ್ಲೇ. ಇವತ್ತು ಏನು ರಶ್ಶು ಅಂತೀಯ, ಆದ್ರೂ ನಂಗೆ ಬಲಗಡೆ ಕಿಟಕಿ ಪಕ್ಕ ಸೀಟು ಸಿಕ್ತು."